ಸೌರವಿದ್ಯುತ್ ಇಷ್ಟು ಹೆಚ್ಚಿದರೂ ತೈಲದ ಆಮದು ಏಕೆ ತಗ್ಗುತ್ತಿಲ್ಲ?

ಪ್ರಶ್ನೆ: ತೊಗರಿ ಬೆಳೆಗಾರ, ಆಳಂದ

ಎಲ್ಲರಿಗೂ ನಮಸ್ಕಾರ. ನಮ್ಮದು ಮಳೆಯನ್ನೇ ನಂಬಿದ ಎರೆಭೂಮಿ. ಮುಂಗಾರಿಗೆ ತೊಗರಿ, ಹಿಂಗಾರಿಗೆ ಕಡಲೆ ಮತ್ತು ಬಿಳಿಜೋಳ ಬೆಳೆಯುತ್ತೇವೆ. ನೇಗಿಲು ಹೊಡೆಯುವುದರಿಂದ ಹಿಡಿದು ರಾಶಿ ಮಾಡುವವರೆಗೆ ಎಲ್ಲ ಕೆಲಸವೂ ಟ್ರ್ಯಾಕ್ಟರಿನ ಮೇಲೆಯೇ ನಿಂತಿರುವುದರಿಂದ ಡೀಸೆಲ್ ದರ ಏರಿದ ಕೂಡಲೇ ಗಂಟೆ ಬಾಡಿಗೆಯೂ ಏರುತ್ತದೆ.

ದೇಶದ ವಿದ್ಯುತ್ ಸ್ಥಾಪಿತ ಸಾಮರ್ಥ್ಯದಲ್ಲಿ (ಎಲ್ಲ ಘಟಕಗಳೂ ಪೂರ್ತಿಯಾಗಿ ನಡೆದರೆ ಸಿಗಬಹುದಾದ ವಿದ್ಯುತ್ತಿನಲ್ಲಿ) ಅರ್ಧದಷ್ಟು ಕಲ್ಲಿದ್ದಲು, ಅನಿಲಗಳಲ್ಲದ ಮೂಲಗಳಿಂದಲೇ ಆಗಿದೆ ಎಂದು 2025ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿತು. 2030ಕ್ಕೆ ಮುಟ್ಟಬೇಕೆಂದಿದ್ದ ಗುರಿಯನ್ನು ಐದು ವರ್ಷ ಮೊದಲೇ ಮುಟ್ಟಿದ್ದು ಸಂತೋಷದ ಸಂಗತಿ. ಆದರೆ ನಾವು ಬಳಸುವ ಕಚ್ಚಾತೈಲದಲ್ಲಿ ಶೇ 85ಕ್ಕಿಂತ ಹೆಚ್ಚಿನ ಪಾಲು ಇಂದಿಗೂ ಹೊರದೇಶಗಳಿಂದ ಬರುತ್ತಿದೆ. ಸೂರ್ಯನಿಂದ ಅಷ್ಟೊಂದು ವಿದ್ಯುತ್ ಸಿಗುತ್ತಿದ್ದರೆ ತೈಲದ ಆಮದು ಏಕೆ ತಗ್ಗಿಲ್ಲ? ಈ ನೀತಿಯಲ್ಲಿ ನಮ್ಮಂಥ ಒಣಬೇಸಾಯದವರಿಗೆ ಏನು ಸಿಗುತ್ತದೆ? ತಿಳಿದವರು ಬಿಡಿಸಿ ಹೇಳಬೇಕೆಂದು ವಿನಂತಿ.

ಉತ್ತರ 1: ವಿದ್ಯುತ್ ಎಂಜಿನಿಯರ್, ಕಲಬುರಗಿ

ಅಣ್ಣನವರೇ, ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಲೆಕ್ಕಗಳಿವೆ. ನಮ್ಮ ದೇಶದಲ್ಲಿ ವಿದ್ಯುತ್ತಿಗಾಗಿ ತೈಲ ಸುಡುವುದು ತೀರ ಕಡಿಮೆ. ನಮ್ಮ ಭಾಗದ ವಿದ್ಯುತ್ ಸರಬರಾಜು ಕಂಪನಿಯಾದ ಜೆಸ್ಕಾಂ ತಂತಿಯಲ್ಲಿ ನಮ್ಮ ಮನೆಗೆ ಬರುವ ಕರೆಂಟಿನ ಹಿಂದೆ ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡತಿನಿಯಂತಹ ಕೇಂದ್ರಗಳಿವೆ, ಅಲ್ಲಿ ಉರಿಯುವುದು ಕಲ್ಲಿದ್ದಲು. ಆದ್ದರಿಂದ ಪಾವಗಡದಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಕೆಲಸ ಮಾಡಿದಾಗ ಉಳಿಯುವುದು ಕಲ್ಲಿದ್ದಲೇ ಹೊರತು ನಿಮ್ಮ ಟ್ರ್ಯಾಕ್ಟರಿನ ಡೀಸೆಲ್ ಅಲ್ಲ. ತೈಲದ ಬಹುಪಾಲು ಖರ್ಚಾಗುವುದು ಲಾರಿ, ಬಸ್ಸು, ಕಾರು, ಬೈಕು, ಟ್ರ್ಯಾಕ್ಟರುಗಳಲ್ಲಿ. ಇವು ವಿದ್ಯುತ್ತಿನಿಂದ ಓಡತೊಡಗುವವರೆಗೆ ಎಷ್ಟು ಸೌರಫಲಕ ಹಾಕಿದರೂ ತೈಲದ ಹಡಗು ಬರುವುದು ನಿಲ್ಲುವುದಿಲ್ಲ.

ಈ ಬದಲಾವಣೆ ನಿಜವಾಗಿ ಆಗಿರುವ ಕ್ಷೇತ್ರವೆಂದರೆ ರೈಲ್ವೆ. ಸೊಲ್ಲಾಪುರ–ವಾಡಿ ಮಾರ್ಗದಲ್ಲಿ ಮೊದಲು ಡೀಸೆಲ್ ಎಂಜಿನ್ ಎಳೆಯುತ್ತಿದ್ದ ಗಾಡಿಗಳನ್ನು ಈಗ ವಿದ್ಯುತ್ ಎಂಜಿನ್ ಎಳೆಯುತ್ತಿದೆ. ಆ ವಿದ್ಯುತ್ತಿನಲ್ಲಿ ಸೌರ ಮತ್ತು ಪವನದ ಪಾಲು ಹೆಚ್ಚಿದಷ್ಟೂ ತೈಲ, ಕಲ್ಲಿದ್ದಲು ಎರಡೂ ಉಳಿಯುತ್ತವೆ.

ಸಾಮರ್ಥ್ಯ ಮತ್ತು ಉತ್ಪಾದನೆ ಒಂದೇ ಅಲ್ಲ ಎಂಬುದನ್ನೂ ಗಮನಿಸಬೇಕು. ಒಂದು ಮೆಗಾವಾಟ್ ಸೌರ ಘಟಕ ವರ್ಷಕ್ಕೆ ಸುಮಾರು 16 ಲಕ್ಷ ಯೂನಿಟ್ ಕೊಟ್ಟರೆ, ಚೆನ್ನಾಗಿ ನಡೆಯುವ ಅಷ್ಟೇ ಸಾಮರ್ಥ್ಯದ ಕಲ್ಲಿದ್ದಲು ಘಟಕ ಅದರ ಮೂರು ಪಟ್ಟಿಗೂ ಹೆಚ್ಚು ಕೊಡುತ್ತದೆ. ಸಾಮರ್ಥ್ಯದಲ್ಲಿ ಅರ್ಧ ಪಾಲಿದ್ದರೂ ಉತ್ಪಾದನೆಯಲ್ಲಿ ಕಲ್ಲಿದ್ದಲೇ ಮುಂದಿರುವುದಕ್ಕೆ ಇದೇ ಕಾರಣ. ನಮ್ಮ ಬಿಸಿಲಿನ ಬಗ್ಗೆಯೂ ಒಂದು ಮಾತು: ಫಲಕದ ಉಷ್ಣತೆ 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಶೇ 0.3ರಿಂದ 0.4ರಷ್ಟು ಉತ್ಪಾದನೆ ಕುಗ್ಗುತ್ತದೆ. ಮೇ ತಿಂಗಳಲ್ಲಿ ಕಲಬುರಗಿಯ ಮಾಳಿಗೆಯ ಮೇಲಿನ ಫಲಕ 60 ಡಿಗ್ರಿಗಿಂತ ಹೆಚ್ಚು ಕಾದಿರುತ್ತದೆ. ಅದರ ಮೇಲೆ ಎರೆಮಣ್ಣಿನ ಧೂಳು ಬೇರೆ ಕೂರುತ್ತದೆ. ಕೆಂಡದಂಥ ಬಿಸಿಲಿದ್ದರೆ ಹೆಚ್ಚು ಕರೆಂಟು ಬರುತ್ತದೆ ಎಂದು ನಂಬಿ ಫಲಕ ಒರೆಸುವುದನ್ನು ಮರೆಯುವವರನ್ನು ಬಹಳ ಕಂಡಿದ್ದೇನೆ.

ಉತ್ತರ 2: ಕಬ್ಬು ಬೆಳೆಗಾರ, ಭಾಲ್ಕಿ

ಎಂಜಿನಿಯರ್ ಸಾಹೇಬರು ಎಥೆನಾಲ್, ಅಂದರೆ ಕಬ್ಬಿನಂಥ ಬೆಳೆಗಳಿಂದ ತೆಗೆದು ಪೆಟ್ರೋಲಿಗೆ ಬೆರೆಸುವ ಇಂಧನದ ವಿಷಯ ಎತ್ತಲಿಲ್ಲ. ತೈಲದ ಆಮದಿಗೆ ನೇರವಾಗಿ ಕೈ ಹಾಕಿದ ನೀತಿ ಅದು. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯ ನಂತರ ಪೆಟ್ರೋಲಿನಲ್ಲಿ ಎಥೆನಾಲ್ ಮಿಶ್ರಣ 2022ರಲ್ಲಿ ಶೇ 10ಕ್ಕೆ, 2025ರಲ್ಲಿ ಶೇ 20ಕ್ಕೆ ತಲುಪಿತು. ಸಕ್ಕರೆಯ ದರ ಬಿದ್ದಾಗ ಕಬ್ಬಿನ ಬಾಕಿ ಸಿಗದೆ ನರಳಿದ ನಮ್ಮಂಥವರಿಗೆ ಇದರಿಂದ ಆಸರೆಯಾಗಿದೆ ಎಂಬುದನ್ನು ಮನಸಾರೆ ಒಪ್ಪುತ್ತೇನೆ.

ಆದರೆ ತೈಲ ಸಮಸ್ಯೆಗೆ ಕಬ್ಬೇ ಉತ್ತರ ಎಂದರೆ ನಾನು ಒಪ್ಪುವುದಿಲ್ಲ. ಈ ಮಿಶ್ರಣ ನಡೆಯುತ್ತಿರುವುದು ಪೆಟ್ರೋಲಿನಲ್ಲಿ, ದೇಶದಲ್ಲಿ ಹೆಚ್ಚು ಖರ್ಚಾಗುವುದು ಡೀಸೆಲ್. ಲೀಟರಿಗೆ ಲೀಟರ್ ಹೋಲಿಸಿದರೆ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಇನ್ನು ನೀರಿನ ಮಾತು. ಮಳೆ ಕೈಕೊಟ್ಟ 2023ರ ಡಿಸೆಂಬರಿನಲ್ಲಿ ಸಕ್ಕರೆ ಕೊರತೆಯ ಭಯದಿಂದ ಕಬ್ಬಿನ ರಸವನ್ನು ಎಥೆನಾಲಿಗೆ ಬಳಸುವುದಕ್ಕೆ ಕೇಂದ್ರವೇ ಕಡಿವಾಣ ಹಾಕಿತು. ಕಾರಂಜಾ ಜಲಾಶಯ ತುಂಬದ ವರ್ಷಗಳನ್ನು ಕಂಡಿರುವ ಬೀದರ್ ಜಿಲ್ಲೆಯಲ್ಲಿ ಕಬ್ಬನ್ನೇ ನಂಬಿ ಇಂಧನ ನೀತಿ ಕಟ್ಟುವುದು ಸರಿಯಲ್ಲ.

ಉತ್ತರ 3: ಭೀಮಾತೀರದವರು, ಯಾದಗಿರಿ

ಸೂರ್ಯನು ಡೀಸೆಲನ್ನು ನೇರವಾಗಿ ಉಳಿಸುವ ಒಂದು ಜಾಗ ನಮ್ಮ ಹೊಲಗಳಲ್ಲೇ ಇದೆ, ಅದು ನೀರೆತ್ತುವ ಕೆಲಸ. ಕಂಬ, ತಂತಿ ಬಾರದ ಹೊಲಕ್ಕೆ ಡೀಸೆಲ್ ಎಂಜಿನನ್ನು ಬಂಡಿಯಲ್ಲಿ ಹೊತ್ತೊಯ್ದು, ಹಗ್ಗ ಸುತ್ತಿ ಎಳೆದು ಚಾಲೂ ಮಾಡಿ, ಡಬ್ಬಿಯಲ್ಲಿ ತಂದ ಎಣ್ಣೆ ಮುಗಿಯುವಷ್ಟರಲ್ಲಿ ಮೆಣಸಿನಕಾಯಿ ಹೊಲಕ್ಕೆ ನೀರು ಹಾಯಿಸಿ ಮುಗಿಸುವ ಆತುರ ನದಿದಂಡೆಯ ರೈತರಿಗೆಲ್ಲ ಗೊತ್ತು. 2019ರಲ್ಲಿ ಆರಂಭವಾದ ಪಿಎಂ ಕುಸುಮ್ ಯೋಜನೆಯ ‘ಬಿ’ ಭಾಗದಲ್ಲಿ ಇಂಥ ಕಡೆಗೇ ಸೌರ ಪಂಪ್‌ಸೆಟ್ ಕೊಡುತ್ತಾರೆ. ನಮ್ಮ ರಾಜ್ಯದಲ್ಲಿ ಕೇಂದ್ರದ ಪಾಲು ಶೇ 30, ರಾಜ್ಯದ ಪಾಲು ಶೇ 50, ರೈತರದು ಶೇ 20.

ಹಾಕಿಸಿಕೊಂಡವರಿಗೆ ಹಗಲಿನಲ್ಲೇ ನೀರು ಸಿಗುತ್ತದೆ, ರಾತ್ರಿ ಹಾವು ಚೇಳಿನ ಭಯದಲ್ಲಿ ಹೊಲಕ್ಕೆ ಹೋಗುವುದು ತಪ್ಪುತ್ತದೆ. ಎಣ್ಣೆಯ ಖರ್ಚು ಇಲ್ಲವೆಂದು ಬೆಳಗಿನಿಂದ ಸಂಜೆಯವರೆಗೆ ಬೋರ್‌ವೆಲ್ ಓಡಿಸಿದರೆ ಅಂತರ್ಜಲ ಬತ್ತುತ್ತದೆ ಎಂಬ ಆತಂಕವೂ ನನಗಿದೆ. ಆದ್ದರಿಂದ ಸೌರ ಪಂಪ್ ಕೊಡುವಲ್ಲಿ ಹನಿ ನೀರಾವರಿಯನ್ನೂ ಕಡ್ಡಾಯವಾಗಿ ಜೋಡಿಸಬೇಕು.

ಮರುಪ್ರಶ್ನೆ: ತೊಗರಿ ಬೆಳೆಗಾರ, ಆಳಂದ

ಎಲ್ಲರಿಗೂ ಧನ್ಯವಾದಗಳು. ನಮ್ಮಲ್ಲಿ ಪಂಪೇ ಇಲ್ಲ. ಹಾಗಾದರೆ ಟ್ರ್ಯಾಕ್ಟರಿನ ಡೀಸೆಲ್ ಅಗ್ಗವಾಗುವ ದಾರಿ ಇದೆಯೇ?

ಉತ್ತರ 4: ವಿದ್ಯುತ್ ಎಂಜಿನಿಯರ್, ಕಲಬುರಗಿ

ಅಗ್ಗವಾಗುತ್ತದೆ ಎಂದು ನಾನು ಭರವಸೆ ಕೊಡಲಾರೆ. ಡೀಸೆಲ್ ದರವನ್ನು ಕಚ್ಚಾತೈಲದ ಬೆಲೆಯೊಂದೇ ನಿರ್ಧರಿಸುವುದಿಲ್ಲ. ರಾಜ್ಯದ ಮಾರಾಟ ತೆರಿಗೆ 2025ರ ಏಪ್ರಿಲ್‌ನಲ್ಲಿ ಶೇ 18.4ರಿಂದ ಶೇ 21.17ಕ್ಕೆ ಏರಿತು, ಕೇಂದ್ರದ ಅಬಕಾರಿ ಸುಂಕ ಬೇರೆ ಇದೆ. ಸರ್ಕಾರಗಳ ಬೊಕ್ಕಸ ತೈಲದ ಮೇಲೆ ಇಷ್ಟು ನಿಂತಿರುವಾಗ, ವಾಹನಗಳು ವಿದ್ಯುತ್ತಿಗೆ ಹೊರಳಿದ ಮೇಲೆ ಆ ವರಮಾನವನ್ನು ಎಲ್ಲಿಂದ ತುಂಬಿಕೊಳ್ಳುತ್ತಾರೆ ಎಂಬುದನ್ನು ಜನರ ಮುಂದೆ ಈಗಲೇ ಇಡಬೇಕು.

ಟ್ರ್ಯಾಕ್ಟರ್ ಬದಲಾಗುವುದು ಕೊನೆಯಲ್ಲಿ. ಬಿತ್ತನೆಯ ಹದ ತಪ್ಪಬಾರದೆಂದು ಹಗಲಿರುಳು ದುಡಿಯುವ ಯಂತ್ರಕ್ಕೆ ಹೊಲದ ನಡುವೆ ಬ್ಯಾಟರಿ ತುಂಬಿಸುವುದು ಸುಲಭವಲ್ಲ. ಮೊದಲು ಬದಲಾಗಬೇಕಾದದ್ದು ದಿನವೂ ಅದೇ ದಾರಿಯಲ್ಲಿ ಓಡಿ ರಾತ್ರಿ ಡಿಪೋಗೆ ಮರಳುವ ಕಲ್ಯಾಣ ಕರ್ನಾಟಕ ಸಾರಿಗೆಯ ನಗರ ಬಸ್ಸುಗಳು ಮತ್ತು ಊರೊಳಗಿನ ಆಟೊಗಳು. ನಿಮ್ಮ ತೊಗರಿಗೆ ಹತ್ತಿರದ ದಾರಿ ಬೇಳೆ ಮಿಲ್ಲುಗಳದ್ದು. ಹೊಸ ತೊಗರಿ ಕಲಬುರಗಿಯ ಮಾರುಕಟ್ಟೆಗೆ ಬರುವ ಡಿಸೆಂಬರಿನಿಂದ ಮಾರ್ಚ್‌ವರೆಗಿನ ಕಾಲದಲ್ಲಿ ಆಕಾಶ ತಿಳಿಯಾಗಿರುತ್ತದೆ, ಮಿಲ್ಲುಗಳೂ ಬಿರುಸಾಗಿ ನಡೆಯುತ್ತವೆ. ಅವುಗಳ ಚಾವಣಿಯ ಮೇಲೆ ಫಲಕ ಹಾಕಿದರೆ ಹಗಲಿನ ವಿದ್ಯುತ್ ಅಲ್ಲೇ ಖರ್ಚಾಗುವುದರಿಂದ ಬ್ಯಾಟರಿಯ ಅಗತ್ಯವೇ ಬೀಳುವುದಿಲ್ಲ.