ಅಪ್‌ಡೇಟ್: ಮಾರುತಿ 800ಕ್ಕೆ ಬೇರೆ ಗೇರ್‌ಬಾಕ್ಸ್ ಕೂರಿಸಿದ್ದಾಯಿತು

ಎರಡನೆಯ ಗೇರಿನಿಂದ ತಾನಾಗಿ ನ್ಯೂಟ್ರಲ್‌ಗೆ ಜಾರುತ್ತಿದ್ದ ನನ್ನ ಹಳೆಯ ಮಾರುತಿ 800ರ ಗೇರ್‌ಬಾಕ್ಸನ್ನು, ಎಂಜಿನ್ ಇಳಿಸದೆ ಪೆರ್ಲದ ನಮ್ಮ ಮನೆಯಂಗಳದಲ್ಲೇ ಬದಲಿಸಬಹುದೇ ಎಂದು ಕೇಳಿದ್ದೆ. ಬದಲಿಸಬಹುದು, ಬದಲಿಸಿಯೂ ಆಯಿತು.

ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಮೇಲೆ ಕಾರು ನಿಲ್ಲಿಸಿದರೆ ಸಾಕೆಂದು ಆಗ ಬಂದ ಸಲಹೆಯನ್ನು ಮಾತ್ರ ನಾನು ಒಪ್ಪಲಿಲ್ಲ. ಭಾರವೆಲ್ಲ ಒಂದು ಮೂಲೆಗೆ ಬಿದ್ದರೆ ಆ ಕಲ್ಲು ಒಡೆಯಬಹುದು. ಅಡಿಯಲ್ಲಿ ಮಲಗುವವರಿಗೆ ಕಬ್ಬಿಣದ ಸ್ಟ್ಯಾಂಡೇ ಬೇಕು. ಗೇರ್ ಆಯಿಲ್ ಬಸಿದು, ಎರಡೂ ಆಕ್ಸಲ್‌ಗಳನ್ನು ಎಳೆದು, ಎಂಜಿನ್ನಿಗೆ ಮರದ ತುಂಡಿಟ್ಟು ಜಾಕ್ ಕೊಟ್ಟ ಮೇಲೆ ಬಿಚ್ಚುವ ಕೆಲಸ ಸಲೀಸಾಗಿಯೇ ಸಾಗಿತು.

ಕಷ್ಟವಿರುವುದು ಮರಳಿ ಜೋಡಿಸುವಲ್ಲಿ. ಎಂಜಿನ್ನಿನ ತಿರುಗುವಿಕೆಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಕ್ಲಚ್ ಪ್ಲೇಟ್ ನಟ್ಟನಡುವೆ ನಿಲ್ಲದಿದ್ದರೆ, ಗೇರ್‌ಬಾಕ್ಸಿನಿಂದ ಹೊರಚಾಚಿರುವ ಇನ್‌ಪುಟ್ ಶಾಫ್ಟಿನ ಹಲ್ಲುಗಳು ಅದರೊಳಗೆ ಹೊಗುವುದಿಲ್ಲ. ಆಗ ಬೋಲ್ಟ್ ಬಿಗಿದು ಪೆಟ್ಟಿಗೆಯನ್ನು ಒಳಕ್ಕೆಳೆಯಲು ಹೋದರೆ ಅದರ ಅಲ್ಯೂಮಿನಿಯಂ ಹೊದಿಕೆ ಸೀಳುವ, ಪ್ಲೇಟ್ ಬಾಗುವ ಅಪಾಯವಿದೆ. ಅದಕ್ಕಾಗಿ ಅಲೈನ್‌ಮೆಂಟ್ ಕಡ್ಡಿಯಿಂದ ಪ್ಲೇಟನ್ನು ಮಧ್ಯಕ್ಕೆ ತಂದು, ಭಾವನವರು ಕೆಳಗಿನಿಂದ ಭಾರ ಹೊತ್ತಿರುವಾಗ ನಾನು ಶಾಫ್ಟನ್ನು ನಿಧಾನವಾಗಿ ತಿರುಗಿಸುತ್ತ ಒಳತಳ್ಳಿದೆ.

ಪೆಟ್ಟಿಗೆ ಮಂಗಳೂರಿನ ಗುಜರಿಯದಾದರೂ ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಆಯಿಲ್ ಸೀಲ್‌ಗಳು ಹೊಸವು. ಈ ಬಿಡಿಭಾಗಗಳಲ್ಲಿ ಉಳಿಸುವ ಹಣ ಉಳಿತಾಯವೇ ಅಲ್ಲ. ಗೇರು ಬದಲಿಸುವಾಗ ವೇಗ ಹೊಂದಿಸುವ ಹಿತ್ತಾಳೆಯ ಸಿಂಕ್ರೊನೈಸರ್ ಉಂಗುರಗಳಿಗೆ ಒಗ್ಗುವಂತೆ ಜಿಎಲ್-4 ದರ್ಜೆಯ ಎಣ್ಣೆಯನ್ನೇ ಹಾಕಿದ್ದೇನೆ. ಈಗ ಅಡ್ಕಸ್ಥಳದ ಏರುತಗ್ಗುಗಳಲ್ಲೂ ಎರಡನೆಯ ಗೇರು ಕಚ್ಚಿ ನಿಲ್ಲುತ್ತದೆ, ರಿವರ್ಸ್ ಮಾತ್ರ ಒಮ್ಮೊಮ್ಮೆ ಗೊರಗುಟ್ಟುತ್ತದೆ. ಕ್ಲಚ್ ಕೇಬಲಿನ ಬಿಗಿತವನ್ನು ಇನ್ನೊಮ್ಮೆ ಸರಿಪಡಿಸಿ ನೋಡಲಿದ್ದೇನೆ.