ಸಹಾಯ ಬೇಕು: ಗಂಡನನ್ನು ವೀರ್ಯ ಪರೀಕ್ಷೆಗೆ ಒಪ್ಪಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಹೆಸರು ಹಾಕಿಲ್ಲ, ಬೇಜಾರು ಮಾಡ್ಕೋಬೇಡಿ. ನಮ್ಮದು ದಾವಣಗೆರೆ. ಮದುವೆಯಾಗಿ ನಾಲ್ಕು ವರ್ಷ, ಇನ್ನೂ ಮಕ್ಕಳಾಗಿಲ್ಲ. ನನಗೆ 31, ನಮ್ಮನೆಯವರಿಗೆ 36. ಥೈರಾಯ್ಡ್, ಎಎಂಎಚ್ (ಅಂಡಾಣು ಎಷ್ಟು ಉಳಿದಿವೆ ಅಂತ ಅಂದಾಜು ಕೊಡೋ ರಕ್ತ ಪರೀಕ್ಷೆ), ಸ್ಕ್ಯಾನಿಂಗ್ ಆಯ್ತು, ಗರ್ಭನಾಳ ತೆರೆದಿದೆಯಾ ಅಂತ ನೋಡೋ ಟ್ಯೂಬ್ ಟೆಸ್ಟನ್ನೂ ಹಲ್ಲು ಕಚ್ಚಿ ಮಾಡಿಸಿಕೊಂಡೆ. ಎಲ್ಲ ನಾರ್ಮಲ್. ಇವರು ಮಾತ್ರ ವೀರ್ಯ ಪರೀಕ್ಷೆ ಅಂದರೆ ಎದ್ದು ಹೋಗ್ತಾರೆ. ಅತ್ತೆಯವರು ಹರಕೆ ಮೇಲೆ ಹರಕೆ ಹೊರಿಸ್ತಿದ್ದಾರೆ, ಅದೂ ನನಗೊಬ್ಬಳಿಗೇ!

ಡಾಕ್ಟರು ಹೇಳಿದ್ದು ಇಷ್ಟು: 2ರಿಂದ 7 ದಿನ ವೀರ್ಯ ಹೊರಹೋಗದ ಹಾಗೆ ಇದ್ದು ಸ್ಯಾಂಪಲ್ ಕೊಡಬೇಕು. ಮನೆಯಲ್ಲೇ ತೆಗೆದರೆ ಮೈಬಿಸಿ ಆರದ ಹಾಗೆ ಒಂದು ಗಂಟೆಯೊಳಗೆ ಲ್ಯಾಬ್ ಮುಟ್ಟಿಸಬೇಕು. ಕೌಂಟ್ (ವೀರ್ಯಾಣುಗಳ ಸಂಖ್ಯೆ) ಕಡಿಮೆ ಬಂದರೂ ಒಂದೇ ರಿಪೋರ್ಟ್ ನೋಡಿ ಗಾಬರಿ ಬೇಡ, ಜೋರು ಜ್ವರ ಬಂದು ಹೋಗಿದ್ದರೂ ಇಳಿದಿರುತ್ತೆ. ಹೊಸ ವೀರ್ಯಾಣು ತಯಾರಾಗೋಕೆ ಸುಮಾರು ಎರಡೂವರೆ ತಿಂಗಳು ಹಿಡಿಯುತ್ತಂತೆ. ಇವರಿಗೆ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ, ದಿನವಿಡೀ ಬೆಂಕಿ ಮುಂದೆ. ಸಾಲದ್ದಕ್ಕೆ ಸಿಗರೇಟು. ಆ ಬಿಸಿ, ಸಿಗರೇಟಿಂದಲೇ ಕೌಂಟ್ ಇಳಿದಿರಬಹುದಾ ಅಂತ ನನಗೆ ಅನುಮಾನ.

ಗಂಡನನ್ನು ಒಪ್ಪಿಸಿದವರು ಯಾರಾದರೂ ಇದ್ದೀರಾ? ಏನು ಹೇಳಿದಿರಿ? ಆಸ್ಪತ್ರೆಯಲ್ಲಿ ಕೊಡೋಕೆ ನಾಚಿಕೆ ಅಂತಾರೆ, ಮನೆಯಿಂದ ತಂದ ಸ್ಯಾಂಪಲ್ ತಗೊಳ್ಳೋ ಲ್ಯಾಬ್ ನಮ್ಮ ಕಡೆ ಇದೆಯಾ? ಟೆಸ್ಟ್ ಮಾಡಿಸಿಕೊಂಡ ಅಣ್ಣಂದಿರೇ ಬರೆದರೆ ಇನ್ನೂ ಒಳ್ಳೇದು, ಇವರಿಗೆ ನೇರವಾಗಿ ತೋರಿಸ್ತೀನಿ. ಪೂಜೆ, ನಾಟಿ ಔಷಧಿ ಸಲಹೆ ಸದ್ಯಕ್ಕೆ ಬೇಡ, ಮನೆಯಲ್ಲೇ ಬೇಕಾದಷ್ಟಿದೆ.