ಸಹಾಯ ಬೇಕು: 2^67−1ರ ಲ್ಯೂಕಾ–ಲೆಹ್ಮರ್ ಪರೀಕ್ಷೆ, ಸಿ ಭಾಷೆಯಲ್ಲಿ

2^67−1, ಅಂದರೆ 147573952589676412927, ಅವಿಭಾಜ್ಯವಲ್ಲ, 1903ರಲ್ಲಿ ಗಣಿತಜ್ಞ ಕೋಲ್ ತೋರಿಸಿದ ಅಪವರ್ತನಗಳು 193707721 ಮತ್ತು 761838257287. ಅದು ಗೊತ್ತಿರುವ ವಿಷಯ. 2^p−1 ರೂಪದ ಸಂಖ್ಯೆ ಅವಿಭಾಜ್ಯವೇ ಎಂದು ನೋಡುವ ಈ ಪರೀಕ್ಷೆಯಲ್ಲಿ 4ರಿಂದ ಶುರು ಮಾಡಿ, p−2 ಹಂತಗಳಲ್ಲಿ ಪ್ರತಿ ಸಲ ವರ್ಗ ಮಾಡಿ, 2 ಕಳೆದು, ಆ ಸಂಖ್ಯೆಯಿಂದ ಭಾಗಿಸಿದ ಶೇಷ ಇಟ್ಟುಕೊಳ್ಳಬೇಕು; ಕೊನೆಗೆ ಶೇಷ 0 ಆದರೆ ಅವಿಭಾಜ್ಯ. ತೊಡಕಿರುವುದು ವರ್ಗ ಮಾಡುವಲ್ಲಿ: ಗುಣಲಬ್ಧ 134 ಬಿಟ್ ಮುಟ್ಟುತ್ತದೆ, 128 ಬಿಟ್ ಟೈಪೂ ಸಾಲದು. (ದಶಮಾಂಶ ಸಂಖ್ಯೆಯ ಟೈಪ್ ಆದ ಡಬಲ್ ಬಳಸಿ ಅನ್ನಬೇಡಿ, ಅದರಲ್ಲಿ 2^67−1 ಸದ್ದಿಲ್ಲದೆ 2^67 ಆಗಿಬಿಡುತ್ತದೆ, 193707721ರಿಂದ ಭಾಗಿಸಿದರೆ ಶೇಷ 0 ಬದಲು 1.)

ಈಗ ವರ್ಗ ಮಾಡಬೇಕಾದ ಶೇಷವನ್ನು ಕೆಳಗಿನಿಂದ 23, 23, 21 ಬಿಟ್‌ಗಳ a, b, c ತುಂಡು ಮಾಡಿದ್ದೇನೆ. 2^69 ≡ 4 (2^67−1ರಿಂದ ಭಾಗಿಸಿದಾಗಿನ ಶೇಷ) ಆದ್ದರಿಂದ ವರ್ಗದ ಹೊಸ ತುಂಡುಗಳು a²+8bc, 2ab+4c², 2ac+b². ಎಲ್ಲವೂ 64 ಬಿಟ್‌ನಲ್ಲಿ ಹಿಡಿಯುತ್ತವೆ. ಮೂರನೆಯದರ 21 ಬಿಟ್ ಮೀರಿದ ದಶಕವನ್ನು (ಕ್ಯಾರಿ) ಮೊದಲನೆಯದಕ್ಕೆ ಕೂಡಿಸುತ್ತೇನೆ.

ಎರಡು ಪ್ರಶ್ನೆ. ದಶಕ ಸಾಗಿಸುವ ಸುತ್ತು ಎಷ್ಟು ಸಲ ಬೇಕು? ಶೇಷ 0 ಅಥವಾ 1 ಇದ್ದಾಗ 2 ಕಳೆದರೆ ಅನ್‌ಸೈನ್ಡ್ (ಋಣ ಸಂಖ್ಯೆ ಹಿಡಿಯದ) ತುಂಡು ತಿರುಗಿ ದೊಡ್ಡದಾಗುತ್ತದೆ. ಮೊದಲೇ 2^67−1 ಕೂಡಿಸುವುದು ಸರಿಯೇ? ಬಿಗ್‌ನಂಬರ್ ಲೈಬ್ರರಿ ಬೇಡ. ಪೈಥಾನ್‌ನ 65 ಹಂತಗಳ ಶೇಷಗಳ ಜೊತೆ ಹೋಲಿಸಿ ನೋಡಿದವರು ದಯವಿಟ್ಟು ತಿಳಿಸಿ.